ತಾತನ ಬಿಸ್ಕತ್ ಡಬ್ಬಿಲಿ ಸಿಕ್ಕಿದ ಜರ್ಮನ್ ಟ್ಯಾಂಕ್ ಫೋಟೋಗಳು: ಟೈಗರಾ? ಅಸಲಿನಾ? ಮಾರಬೋದಾ?

ಹಾಸನ ಕಡೆಯ ಓದುಗರೊಬ್ರು ಉದ್ದಕ್ಕೆ ಬರೆದಿದ್ದಾರೆ, ಜೊತೆಗೆ ಫೋಟೋಗಳ ಸ್ಕ್ಯಾನೂ, ತಾತನ ಒಂದು ಪತ್ರಾನೂ ಕಳ್ಸಿದ್ದಾರೆ. ಅವರ ಪ್ರಶ್ನೆನ ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದೀನಿ:

"ಸರ್, ನಮ್ಮ ಅಮ್ಮನ ತಂದೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ (ಸೈನ್ಯದ ಇಂಜಿನಿಯರ್ ದಳ) ಹವಾಲ್ದಾರ್ ಆಗಿದ್ರು, ಎರಡನೇ ಮಹಾಯುದ್ಧದಲ್ಲಿ ಈಜಿಪ್ಟು, ಟುನೀಷಿಯಾ ಕಡೆ ಹೋಗಿದ್ರು. ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬಿ ಸಿಕ್ತು, ಅದರಲ್ಲಿ 38 ಫೋಟೋ, ಹನ್ನೊಂದರಲ್ಲಿ ಟ್ಯಾಂಕ್‌ಗಳಿವೆ. ತಾತ ಅಲಮೀನ್‌ನಲ್ಲಿ ಹಿಟ್ಲರ್‌ನ ಟೈಗರ್ ಟ್ಯಾಂಕ್ ಹಿಡಿದಿದ್ರು ಅಂತ ಮನೇಲಿ ಮೊದಲಿಂದ್ಲೂ ಹೇಳ್ತಾರೆ. ತಮ್ಮ ಒಂದು ಫೋಟೋನ ಆ್ಯಪ್‌ಗೆ ಹಾಕಿ ಕ್ಲಿಯರ್ ಮಾಡಿದ, ಟರೆಟ್ (ಟ್ಯಾಂಕ್ ಮೇಲೆ ತಿರುಗೋ ಗನ್ ಗೂಡು) ಮೇಲೆ 131 ಅಂತ ಕಾಣ್ತು, ನೆಟ್‌ನಲ್ಲಿ ನೋಡಿದ್ರೆ ಟೈಗರ್ 131 ಅಂತ ಫೇಮಸ್ ಟ್ಯಾಂಕೇ ಇದೆ! ಆದ್ರೆ ಕಸಿನ್ ಒಬ್ರು ಇವೆಲ್ಲ ಅಂಗಡೀಲಿ ಕೊಂಡ ಕಾಪಿಗಳು ಅಂತಾರೆ. ಒಬ್ಬ ಡೀಲರ್ ಟ್ಯಾಂಕ್ ಇರೋದು ಮಾತ್ರ ಕೊಡಿ, ಒಂದಕ್ಕೆ ಎರಡು ಸಾವಿರ ಕೊಡ್ತೀನಿ ಅಂತಿದಾರೆ. ಒಂದರಲ್ಲಿ ಸತ್ತವರ ದೇಹ ಇದೆ, ದೊಡ್ಡಮ್ಮ ಅದನ್ನ ಸುಟ್ಟುಬಿಡಿ ಅಂತಿದಾರೆ. ನಾಜಿ ಗುರುತು ಇರೋ ಫೋಟೋ ಮನೇಲಿ ಇಟ್ಕೊಂಡ್ರೆ ಕೇಸ್ ಆಗತ್ತಾ? ಲ್ಯಾಮಿನೇಷನ್ ಮಾಡಿಸಿ ಇಡೋದಾ? ಏನೂ ತೋಚ್ತಿಲ್ಲ."

ಮೇಡಂ, ಮೊದಲು ಒಂದು ಮಾತು, ಲ್ಯಾಮಿನೇಷನ್ ಬೇಡ. ಉಳಿದಿದ್ದೆಲ್ಲ ನಿಧಾನಕ್ಕೆ ಮಾತಾಡೋಣ, ಆದ್ರೆ ಅದೊಂದು ಮಾಡಿಬಿಟ್ರೆ ವಾಪಸ್ ಬರೋ ದಾರೀನೇ ಇಲ್ಲ. ನಾನು ಹಳೇ ಫೋಟೋ ಉಳ್ಸೋ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು, ಬೆಂಗಳೂರಲ್ಲಿ ಆರ್ಮಿ ಮನೆತನಗಳು ಜಾಸ್ತಿ ಇರೋದ್ರಿಂದ ಇಂಥ ಡಬ್ಬಿಗಳು ನನ್ನ ಟೇಬಲ್ ಮೇಲೆ ಬಂದು ಬಂದು ಟ್ಯಾಂಕ್ ಗುರುತು ಹಿಡಿಯೋದನ್ನೂ ಕಲಿಯಬೇಕಾಯ್ತು. ಬಿಸಿ ಪ್ಲಾಸ್ಟಿಕ್ ಒಳಗೆ ಸೇರಿಕೊಂಡು ಹಳದಿ ತಿರುಗಿದ ಫೋಟೋ ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಬಿಡಿಸೋಕೆ ಹೋದ್ರೆ ಚಿತ್ರಾನೇ ಪ್ಲಾಸ್ಟಿಕ್ ಜೊತೆ ಎದ್ದು ಬರತ್ತೆ.

ಈಗ ಟೈಗರ್ ವಿಷಯ. ನಿಮ್ಮ ಮನೇಲಿ ಎಲ್ರಿಗೂ ಬೇಜಾರಾಗತ್ತೆ ಅಂತ ಗೊತ್ತು, ಆದ್ರೂ ನೇರವಾಗಿ ಹೇಳ್ತೀನಿ, ಅಲಮೀನ್‌ನಲ್ಲಿ ಒಂದೇ ಒಂದು ಟೈಗರ್ ಟ್ಯಾಂಕ್ ಇರ್ಲಿಲ್ಲ. ಈಜಿಪ್ಟಿನ ಅಲಮೀನ್‌ನ ದೊಡ್ಡ ಯುದ್ಧ 1942ರ ಅಕ್ಟೋಬರ್ 23ಕ್ಕೆ ಶುರುವಾಗಿ ನವೆಂಬರ್ ಮೊದಲ ವಾರಗಳಲ್ಲಿ ಮುಗೀತು, ಆಫ್ರಿಕಾಕ್ಕೆ ಟೈಗರ್ ಬರೋಕೆ ಶುರುವಾಗಿದ್ದೇ ಆಮೇಲೆ, ಅದೂ ಈಜಿಪ್ಟಿಗಲ್ಲ, ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕಿರೋ ಟುನೀಷಿಯಾಕ್ಕೆ. ಅಲ್ಲಿಗೂ ಬಂದಿದ್ದು ಎರಡು ಬೆಟಾಲಿಯನ್‌ದು ಸೇರಿ ಮೂವತ್ತರ ಆಸುಪಾಸು ಅಷ್ಟೇ. ಅಲಮೀನ್‌ನಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಕಡೆ ಇದ್ದ ಸುಮಾರು 500 ಟ್ಯಾಂಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯವು, ಉಳಿದ ಜರ್ಮನ್ ಟ್ಯಾಂಕ್‌ಗಳಲ್ಲಿ ಬಹುಪಾಲು ಪಾಂಜರ್ ತ್ರೀ, ಸ್ವಲ್ಪ ಪಾಂಜರ್ ಫೋರ್. ಆದ್ರೆ ಟೈಗರ್ ಹೆಸರಿಗೆ ಒಂಥರಾ ಭಯ ಇತ್ತು, ಯುದ್ಧ ಮುಗಿದ ಮೇಲೆ ಸುಟ್ಟ ಜರ್ಮನ್ ಟ್ಯಾಂಕೆಲ್ಲ ನೆನಪಲ್ಲಿ ಟೈಗರ್ ಆಗೋಯ್ತು. ಇದು ನಿಮ್ಮ ಮನೆ ಕಥೆ ಮಾತ್ರ ಅಲ್ಲ, ಇಂಗ್ಲೆಂಡಿನ ಕುಟುಂಬಗಳೂ ಇದೇ ಹೇಳ್ತವೆ.

ನಿಮ್ಮ ಫೋಟೋದಲ್ಲಿ ಇರೋದೇನು ಅಂತ ನೀವೇ ನೋಡ್ಬೋದು, ಗಾಲಿ ಎಣಿಸಿ. ಒಂದು ಪಕ್ಕದಲ್ಲಿ ಚಿಕ್ಕ ಗಾಲಿ ಆರು, ಮೇಲೆ ಚೈನು ಹೊರೋ ಪುಟ್ಟ ರೋಲರ್ ಮೂರು ಇದ್ರೆ ಪಾಂಜರ್ ತ್ರೀ. ಎಂಟು ಗಾಲಿ, ಜೋಡಿ ಜೋಡಿಯಾಗಿ, ಮೇಲೆ ನಾಲ್ಕು ರೋಲರ್ ಇದ್ರೆ ಪಾಂಜರ್ ಫೋರ್. ಟೈಗರ್ ಆದ್ರೆ ದೊಡ್ಡ ದೊಡ್ಡ ಗಾಲಿ ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ ಸೇರ್ಕೊಂಡಿರತ್ತೆ, ಮೇಲೆ ರೋಲರೇ ಇರಲ್ಲ. ಇಟಲಿ ಟ್ಯಾಂಕ್ ಆದ್ರೆ ಮೈ ತುಂಬ ರಿವೆಟ್ ಗುಂಡಿಗಳು, ಜರ್ಮನ್ ಟ್ಯಾಂಕಲ್ಲಿ ಪ್ಲೇಟ್‌ಗಳನ್ನ ವೆಲ್ಡ್ ಮಾಡಿರ್ತಾರೆ. ಟ್ಯಾಂಕ್ ಮೈ ಮೇಲಿನ ಶಿಲುಬೆ ಗುರುತೊಂದನ್ನೇ ನಂಬ್ಬೇಡಿ, ಯಾಕಂದ್ರೆ ಜರ್ಮನ್ನರು ಹಿಡಿದ ಬ್ರಿಟಿಷ್ ಮಟಿಲ್ಡಾ ಟ್ಯಾಂಕ್‌ಗಳಿಗೆ ದೊಡ್ಡದಾಗಿ ತಮ್ಮ ಶಿಲುಬೆ ಬಳಿದು ಓಡಿಸ್ತಿದ್ರು, ಆಸ್ಟ್ರೇಲಿಯಾದವರು ಹಿಡಿದ ಇಟಲಿ ಟ್ಯಾಂಕ್ ಮೇಲೆ ಬಿಳೀ ಕಾಂಗರೂ ಬರೆದು ತಾವು ಬಳಸಿದ್ರು.

ನೀವು ಕಳ್ಸಿರೋ ಮೂರನೇ ಸ್ಕ್ಯಾನ್ ಅಂದ್ರೆ ಟೈಗರ್ ಅಂತ ಹೇಳ್ತಿರೋದು, ಅದರಲ್ಲಿ ಆರು ಗಾಲಿ, ಮೂರು ರೋಲರ್ ಸ್ಪಷ್ಟವಾಗಿದೆ, ಗನ್ ಉದ್ದ ಇರೋದ್ರಿಂದ ಕೊನೆ ಕೊನೆಗೆ ಬಂದ ಪಾಂಜರ್ ತ್ರೀ. ಟರೆಟ್ ಮೇಲೆ ನಂಬರ್ ಇರೋ ಜಾಗ ಮೂಲ ಸ್ಕ್ಯಾನ್‌ನಲ್ಲಿ ಬರೀ ಮಸುಕು, ಎರಡು ಅಂಕಿಯೋ ಮೂರೋ ಅಂತಲೂ ಹೇಳೋಕಾಗಲ್ಲ. ಆ 131 ಬರೆದಿದ್ದು ನಿಮ್ಮ ತಮ್ಮನ ಆ್ಯಪ್ಪು. ಈ ಆ್ಯಪ್‌ಗಳು ಫೋಟೋ ಕ್ಲಿಯರ್ ಮಾಡಲ್ಲ, ಇಲ್ಲಿ ಹೀಗಿರ್ಬೋದು ಅಂತ ಹೊಸದಾಗಿ ಬರೀತವೆ, ಎಂಟು ಗಾಲಿನ ಏಳು ಮಾಡಿರೋದನ್ನ ನಾನೇ ನೋಡಿದೀನಿ, ಮುಖಗಳನ್ನಂತೂ ಪೂರ್ತಿ ಬೇರೆಯವರದ್ದೇ ಮಾಡಿಬಿಡ್ತವೆ. ಆ ಫೈಲ್ ಬೇಕಾದ್ರೆ ಇಟ್ಕೊಳ್ಳಿ, ಆದ್ರೆ ಹೆಸರಲ್ಲೇ ಎಡಿಟ್ ಮಾಡಿದ್ದು ಅಂತ ಹಾಕಿ, ಇಲ್ಲಾಂದ್ರೆ ಹತ್ತು ವರ್ಷ ಕಳೆದ್ಮೇಲೆ ನಿಮ್ಮ ಮಕ್ಕಳು ಅದನ್ನೇ ಅಸಲಿ ಅಂದ್ಕೋತಾರೆ. ನಿಜವಾದ ಟೈಗರ್ 131 ಟುನೀಷಿಯಾದಲ್ಲಿ 1943ರ ಏಪ್ರಿಲ್‌ನಲ್ಲಿ ಬ್ರಿಟಿಷರ ಕೈಗೆ ಸಿಕ್ತು, ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಓಡೋ ಸ್ಥಿತೀಲಿದೆ. ಆ ಅಂಕಿಗೆ ಅರ್ಥ ಏನಂದ್ರೆ ಮೊದಲನೇ ಕಂಪನಿ, ಮೂರನೇ ಪ್ಲಟೂನ್, ಮೊದಲನೇ ಗಾಡಿ, ಅಷ್ಟೇ, ಹಾಗಾಗಿ 131 ಅನ್ನೋ ನಂಬರ್ ಬೇರೆ ರೆಜಿಮೆಂಟ್‌ಗಳಲ್ಲೂ ಇರ್ತಿತ್ತು.

ಈಗ ನನಗೆ ನಿದ್ದೆ ಕೆಡ್ಸಿದ ವಿಷಯಕ್ಕೆ ಬರ್ತೀನಿ. ಮೂರನೇ ಫೋಟೋದ ಹಿಂಭಾಗ ಸ್ಕ್ಯಾನ್ ಮಾಡಿದ್ದಕ್ಕೆ ನಿಮಗೆ ದೊಡ್ಡ ಥ್ಯಾಂಕ್ಸ್, ಹತ್ತರಲ್ಲಿ ಒಂಬತ್ತು ಜನ ಮಾಡಲ್ಲ. ಅಲ್ಲಿ ಎರಡು ಬರಹ ಇದೆ. ನೀಲಿ ಬಾಲ್‌ಪೆನ್‌ನಲ್ಲಿ "ಟೈಗರ್ - ಅಲಮೀನ್" ಅಂತ ದಪ್ಪಕ್ಕೆ. ಅದರ ಕೆಳಗೆ, ಮೂಲೇಲಿ, ಸೀಸದ ಕಡ್ಡೀಲಿ ಸಣ್ಣಕ್ಕೆ, ಅರ್ಧ ಅಳಿಸಿಹೋಗಿರೋ ಹಾಗೆ, "ಗೇಬ್ಸ್ ಹತ್ತಿರ. ನಾವು ಸುಟ್ಟದ್ದು." ಬಾಲ್‌ಪೆನ್ ಅನ್ನೋದು ಜನರ ಜೇಬಿಗೆ ಬಂದಿದ್ದೇ ಯುದ್ಧ ಮುಗಿದ ಮೇಲೆ, ಅಂದ್ರೆ ಟೈಗರ್ ಅನ್ನೋದು ಎಷ್ಟೋ ವರ್ಷದ ನಂತರ ಯಾರೋ ಸೇರಿಸಿದ್ದು. ನೀವು ಕಳ್ಸಿರೋ ತಾತನ ಪತ್ರದ ಜೊತೆ ಇಟ್ಟು ನೋಡಿದೆ, ಪೆನ್ಸಿಲ್ ಬರಹದ 'ಹ' ಮತ್ತು 'ಸು' ಎರಡೂ ಅವರ ಕೈದೇ ಅನ್ನಿಸ್ತು.

ಗೇಬ್ಸ್ ಅನ್ನೋದು ಟುನೀಷಿಯಾದ ಕಡಲತೀರದ ಊರು. 1943ರ ಮಾರ್ಚ್ ಕೊನೇಲಿ ಮಾರೆತ್ ಲೈನ್ ಅನ್ನೋ ಶತ್ರುಗಳ ರಕ್ಷಣಾ ಸಾಲು ಮುರಿದ ಮೇಲೆ ಬ್ರಿಟಿಷರ ಎಂಟನೇ ಆರ್ಮಿ ಅಲ್ಲಿಗೆ ಬಂತು, ಅಲ್ಲಿಂದ ಸ್ವಲ್ಪ ಉತ್ತರಕ್ಕೆ ವಾದಿ ಅಕಾರಿತ್, ಏಪ್ರಿಲ್ 6ಕ್ಕೆ ಅಲ್ಲಿ ನಡೆದ ಯುದ್ಧದಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ರಾತ್ರಿ ಗುಡ್ಡ ಹತ್ತಿ ಹೊಡೆದಿದ್ದು ದೊಡ್ಡ ಹೆಸರು. ಆ ಡಿವಿಷನ್ ಜೊತೆ ಇದ್ದ ಮದ್ರಾಸ್ ಸ್ಯಾಪರ್ಸ್ ಅಂದ್ರೆ 12ನೇ ಫೀಲ್ಡ್ ಕಂಪನಿ ಮತ್ತು 11ನೇ ಫೀಲ್ಡ್ ಪಾರ್ಕ್ ಕಂಪನಿ. ಅಂದ್ರೆ ಪೆನ್ಸಿಲ್ ಬರಹ ಹೇಳೋ ಜಾಗ, ತಾತ ಇದ್ದ ದಳ, ಟ್ಯಾಂಕಿನ ಮಾಡೆಲ್ ಮೂರೂ ಒಂದಕ್ಕೊಂದು ಕೂಡತ್ತೆ.

ಮತ್ತೆ "ನಾವು ಸುಟ್ಟದ್ದು" ಅಂದ್ರೇನು? ಇಲ್ಲಿ ಮರುಭೂಮಿ ಯುದ್ಧದ ಒಂದು ಒಳಗಿನ ವಿಷಯ ಗೊತ್ತಿರ್ಬೇಕು. ಟ್ಯಾಂಕ್‌ಗೆ ಗುಂಡು ಬಿದ್ದು ನಿಂತೋಯ್ತು ಅಂದ್ರೆ ಅದು ಸತ್ತೋಯ್ತು ಅಂತಲ್ಲ, ಚೈನು ಕಡಿದಿರತ್ತೆ, ಇಂಜಿನ್ ಕೆಟ್ಟಿರತ್ತೆ, ಜರ್ಮನ್ನರ ರಿಕವರಿ ತಂಡದವರು ಇದರಲ್ಲಿ ಬಹಳ ಗಟ್ಟಿಗರು, ರಾತ್ರೋರಾತ್ರಿ ಬಂದು ಎಳ್ಕೊಂಡು ಹೋಗಿ ರಿಪೇರಿ ಮಾಡಿ ಮತ್ತೆ ಯುದ್ಧಕ್ಕೆ ಇಳ್ಸೋರು. ಅದಕ್ಕೇ ನಿಂತ ಟ್ಯಾಂಕ್ ಹತ್ರ ಸ್ಯಾಪರ್‌ಗಳು ಹೋಗಿ ಸ್ಫೋಟಕ ಇಟ್ಟು ಪೂರ್ತಿ ಮುಗಿಸಿ ಬರ್ಬೇಕಿತ್ತು. ಎಷ್ಟೋ ಸಲ ಎರಡೂ ಸೈನ್ಯದ ನಡುವಿನ ಬಯಲಲ್ಲಿ, ಕತ್ತಲಲ್ಲಿ, ಸುತ್ತ ಮೈನ್ ಹೂತಿರೋ ಜಾಗದಲ್ಲಿ, ಮುಚ್ಚಳ ಎತ್ತಿದ್ರೆ ಸಿಡಿಯೋ ಹಾಗೆ ಒಳಗೆ ಏನಾದ್ರೂ ಕಟ್ಟಿಟ್ಟಿದಾರಾ ಅಂತ ನೋಡ್ಕೊಂಡು.

ನಿಮ್ಮ ಫೋಟೋನ ದೊಡ್ಡದು ಮಾಡಿ ಗನ್ ತುದಿ ನೋಡಿ. ನಳಿಗೆ ತುದಿ ಬಾಳೆಹೂವಿನ ಪಕಳೆ ಬಿಡಿಸಿದ ಹಾಗೆ ಸೀಳಿ ಹೊರಕ್ಕೆ ಬಾಗಿದೆ. ಯುದ್ಧದಲ್ಲಿ ಗುಂಡು ಬಿದ್ದು ಹಾಗಾಗಲ್ಲ, ಗುಂಡಿನ ಏಟು ಅಂದ್ರೆ ತೂತು, ಇಲ್ಲ ಕಿತ್ತೋದ ಅಂಚು. ನಳಿಗೆ ಒಳಗೆ ಸ್ಫೋಟಕ ಸಿಡಿದ್ರೇ ಹೀಗೆ ಅರಳೋದು. ಇನ್ನೂ ಕೆಳಗೆ ನೋಡಿ, ಗಾಲಿಗಳ ಸುತ್ತ ಇರ್ಬೇಕಾದ ರಬ್ಬರ್ ಇಲ್ಲ, ಬರೀ ಕಬ್ಬಿಣ, ಅದಕ್ಕೇ ಚೈನು ಜೋಲಾಡ್ತಿದೆ, ಮೈ ಬಣ್ಣ ಮಧ್ಯದಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಿದೆ. ಒಳಗಿಂದ ಚೆನ್ನಾಗಿ ಉರಿದಿದೆ. ಒಂದು ಎಚ್ಚರಿಕೆ ಇಲ್ಲೇ ಹೇಳ್ಬೇಕು, ಹಿಂದೆ ಸರಿಯುವಾಗ ಜರ್ಮನ್ ಸಿಬ್ಬಂದಿನೇ ತಮ್ಮ ಗನ್ ಹೀಗೆ ಸೀಳಿ ಹೋಗ್ತಿದ್ರು, ಹಾಗಾಗಿ ಯಾರು ಮಾಡಿದ್ದು ಅಂತ ಚಿತ್ರ ಒಂದೇ ಹೇಳಲ್ಲ. ಹೇಳೋದು ಆ ಪೆನ್ಸಿಲ್ ಸಾಲು. ತಾತ ಟೈಗರ್ ಹಿಡೀಲಿಲ್ಲ ಮೇಡಂ, ಅವರ ಕೆಲಸ ಟ್ಯಾಂಕ್ ಹಿಡಿಯೋದಾಗಿರ್ಲೇ ಇಲ್ಲ, ಅದು ಮತ್ತೆ ಎದ್ದು ಬರದ ಹಾಗೆ ನೋಡ್ಕೊಳೋದಾಗಿತ್ತು, ಅದನ್ನ ಮಾಡಿ, ಒಂದು ಸಾಲು ಬರೆದಿಟ್ಟು ಸುಮ್ಮನಾಗಿದ್ದಾರೆ. ನನ್ನ ಕಣ್ಣಿಗೆ ಇದು ಟೈಗರ್ ಕಥೆಗಿಂತ ದೊಡ್ಡದು.

ಇನ್ನು ನಿಮ್ಮ ಕಸಿನ್ ಹೇಳಿದ್ದು. ಅವರ ಮಾತು ಹನ್ನೊಂದರಲ್ಲಿ ಎರಡಕ್ಕೆ ಮಾತ್ರ ಸರಿ. ದೊಡ್ಡ ಸೈಜಿನ, ಹೊಳಪು ಜಾಸ್ತಿ ಇರೋ ಎರಡು ಇವೆಯಲ್ಲ, ಹಿಂದೆ ಟೈಪ್ ಮಾಡಿದ ನಂಬರ್ ಇರೋದು, ಅವು ಸರ್ಕಾರಿ ಫೋಟೋಗಳು. ಬ್ರಿಟಿಷ್ ಸೈನ್ಯ 1941ರಲ್ಲಿ ತನ್ನದೇ ಫಿಲ್ಮ್ ಮತ್ತು ಫೋಟೋ ಯೂನಿಟ್ ಮಾಡಿತ್ತು, ಅವರು ತೆಗೆದಿದ್ದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ, ಅದರ ಪ್ರಿಂಟ್‌ಗಳು ಆಗಲೇ ಸಿಪಾಯಿಗಳ ಕೈಲಿ ಓಡಾಡ್ತಿದ್ವು, ಕೈರೋ ಸ್ಟುಡಿಯೋಗಳೂ ಫೋಟೋ ಸೆಟ್ ಮಾರೋವು. ಕೊಂಡಿದ್ದಾದ್ರೂ ಅದು ಆ ಕಾಲದ್ದೇ, ನಕಲಿ ಅಲ್ಲ. ಉಳಿದಿದ್ದೆಲ್ಲ ಆರು ಒಂಬತ್ತು ಸೆಂಟಿಮೀಟರ್ ಸೈಜಿನ ಚಿಕ್ಕ ಪ್ರಿಂಟು, ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಳತೆ, ಅಂಚು ಅಲೆ ಅಲೆ. ನಿಯಮದ ಪ್ರಕಾರ ಸಾಮಾನ್ಯ ಸಿಪಾಯಿ ಮುಂಚೂಣಿಗೆ ಸ್ವಂತ ಕ್ಯಾಮೆರಾ ಒಯ್ಯೋ ಹಾಗಿರ್ಲಿಲ್ಲ, ಆದ್ರೂ ಪ್ರತಿ ಕಂಪನೀಲೂ ಯಾರೋ ಒಬ್ಬರ ಹತ್ರ ಇದ್ದೇ ಇರ್ತಿತ್ತು, ರಜೇಲಿ ಪ್ರಿಂಟ್ ಹಾಕ್ಸಿ ಎಲ್ರೂ ಒಂದೊಂದು ತಗೋಳೋರು.

ಮನೇಲೇ ಒಂದು ಪರೀಕ್ಷೆ ಮಾಡ್ಬೋದು. ಅಂಗಡೀಲಿ ನೋಟು ಚೆಕ್ ಮಾಡೋ ಯುವಿ ಟಾರ್ಚ್ ಇರತ್ತಲ್ಲ, ಅದನ್ನ ಕತ್ತಲೆ ಕೋಣೇಲಿ ಫೋಟೋ ಹಿಂಭಾಗಕ್ಕೆ ಬಿಡಿ. 1950ರ ದಶಕದಿಂದ ಈಚೆಗೆ ಫೋಟೋ ಪೇಪರ್‌ಗೆ ಹೊಳಪು ಕೊಡೋ ಕೆಮಿಕಲ್ ಸೇರಿಸೋಕೆ ಶುರು ಮಾಡಿದ್ರು, ಅಂಥ ಪೇಪರ್ ಆದ್ರೆ ನೀಲಿ ಬಿಳುಪಾಗಿ ಬೆಳಗತ್ತೆ, ಅಂದ್ರೆ ಆಮೇಲೆ ಹಾಕ್ಸಿದ ಪ್ರಿಂಟು. ಬೆಳಗ್ಲಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತ ಪ್ರಮಾಣ ಅಲ್ಲ, ಆದ್ರೆ ಬೆಳಗಿದ್ರೆ ಮಾತ್ರ ಯುದ್ಧಕಾಲದ್ದಲ್ಲ ಅಂತ ಖಂಡಿತ.

ಹಿಂದೆ "ಆಗ್ಫಾ ಲುಪೆಕ್ಸ್" ಅಂತ ತೆಳುವಾಗಿ ಅಚ್ಚಾಗಿರೋ ನಾಲ್ಕು ಫೋಟೋಗಳ ಬಗ್ಗೆ ನೀವು ಏನೂ ಕೇಳಿಲ್ಲ, ನಾನೇ ಹೇಳ್ಬೇಕು. ಬರೀ ಪೇಪರ್ ನೋಡಿ ಹೇಳೋಕಾಗಲ್ಲ, ಆಗ್ಫಾ ಪೇಪರ್ ಬೇರೆ ದೇಶಗಳಲ್ಲೂ ಸಿಗ್ತಿತ್ತು, ಆದ್ರೆ ಚಿತ್ರ ನೋಡಿ. ಚೆನ್ನಾಗಿರೋ ಟ್ಯಾಂಕ್ ಮುಂದೆ ಚಡ್ಡಿ ಹಾಕ್ಕೊಂಡ ಜರ್ಮನ್ ಹುಡುಗರು ನಗ್ತಾ ನಿಂತಿದ್ದಾರೆ. ಇನ್ನೊಂದರಲ್ಲಿ ಸುಟ್ಟಿರೋ ಟ್ಯಾಂಕ್, ನೀವು ಜರ್ಮನ್ ಅಂತ ಬರೆದಿದೀರಿ, ಅದಕ್ಕೆ ಐದು ದೊಡ್ಡ ಗಾಲಿ, ಮೇಲೆ ರೋಲರ್ ಇಲ್ಲ, ಅದು ಬ್ರಿಟಿಷರ ಕ್ರುಸೇಡರ್! ಅಂದ್ರೆ ಈ ನಾಲ್ಕು ಫೋಟೋ ತೆಗೆದಿದ್ದು ಒಬ್ಬ ಜರ್ಮನ್ ಸಿಪಾಯಿ. ಅವರ ಸೈನ್ಯದಲ್ಲಿ ಕ್ಯಾಮೆರಾ ಇಟ್ಕೊಳೋಕೆ ಪ್ರೋತ್ಸಾಹವೇ ಇತ್ತು, ಲಕ್ಷಗಟ್ಟಲೆ ಫೋಟೋ ತೆಗೆದಿದ್ದಾರೆ, ಸೆರೆ ಸಿಕ್ಕಾಗ ಅವರ ಜೇಬಿಂದ, ಬಿಟ್ಟುಹೋದ ಗಾಡಿಗಳಿಂದ ಅವು ನಮ್ಮವರ ಕೈಗೆ ಬಂದ್ವು. 1943ರ ಮೇ ತಿಂಗಳಲ್ಲಿ ಟುನೀಷಿಯಾದಲ್ಲಿ ಲಕ್ಷಾಂತರ ಜನ ಶರಣಾದ್ರು, ಜರ್ಮನ್ ಜನರಲ್ ಫಾನ್ ಆರ್ನಿಮ್ ಸೆರೆಯಾಗಿದ್ದೇ ನಮ್ಮ 4ನೇ ಇಂಡಿಯನ್ ಡಿವಿಷನ್‌ಗೆ. ಆ ನಗೋ ಹುಡುಗರ ಮನೇಲೂ ಒಂದು ಡಬ್ಬಿ ಇರ್ಬೇಕಾಗಿತ್ತು, ಆ ಫೋಟೋಗಳು ಹಾಸನದ ಅಟ್ಟದಲ್ಲಿ ಎಂಬತ್ತು ವರ್ಷ ಕೂತಿವೆ. ಹಿಂದೆ ಜರ್ಮನ್‌ನಲ್ಲಿ ಹೆಸರು ಏನಾದ್ರೂ ಇದ್ರೆ ಅಳಿಸಬೇಡಿ, ಆ ಸೈನ್ಯದವರ ವೈಯಕ್ತಿಕ ದಾಖಲೆಗಳು 2019ರಿಂದ ಜರ್ಮನಿಯ ಸರ್ಕಾರಿ ದಾಖಲೆ ಭಂಡಾರ ಬುಂಡೆಸ್‌ಆರ್ಕೀವ್ ಹತ್ರ ಇವೆ, ಕೇಳಿ ನೋಡ್ಬೋದು.

ನಾಜಿ ಗುರುತಿನ ಭಯ ಬಿಡಿ. ನಮ್ಮ ದೇಶದಲ್ಲಿ ಇಂಥ ಹಳೇ ಫೋಟೋ ಮನೇಲಿ ಇಟ್ಕೊಳೋದು ಅಪರಾಧ ಅಲ್ಲ. ಜರ್ಮನೀಲಿ 86ಎ ಅನ್ನೋ ಸೆಕ್ಷನ್ ಪ್ರಕಾರ ಆ ಚಿಹ್ನೆನ ಸಾರ್ವಜನಿಕವಾಗಿ ತೋರ್ಸೋದಕ್ಕೆ ಶಿಕ್ಷೆ ಇದೆ, ಇತಿಹಾಸ, ಅಧ್ಯಯನಕ್ಕೆ ವಿನಾಯಿತಿ ಇದೆ, ಅದು ನೀವು ಅಲ್ಲಿಯವರಿಗೆ ಮಾರೋಕೆ ಹೋದ್ರೆ ಯೋಚ್ನೆ ಮಾಡ್ಬೇಕಾದ ವಿಷಯ.

ಸತ್ತವರ ಫೋಟೋ. ದೊಡ್ಡಮ್ಮನ ಸಂಕಟ ನನಗೆ ಅರ್ಥ ಆಗತ್ತೆ, ಮನೇಲಿ ಹೆಣದ ಫೋಟೋ ಇಡೋದು ಅಂದ್ರೆ ಹಿರಿಯರಿಗೆ ತಡ್ಕೊಳಕ್ಕಾಗಲ್ಲ. ಆದ್ರೆ ಸುಡ್ಬೇಡಿ, ಕತ್ತರಿಸಲೂ ಬೇಡಿ. ಟ್ಯಾಂಕಿನ ಪಕ್ಕ ಬಿದ್ದಿರೋ ಆ ಇಬ್ರು ಯಾರದೋ ಮಕ್ಕಳು. ಬೇರೆ ಕವರ್‌ನಲ್ಲಿ ಹಾಕಿ, ಮೇಲೆ ಏನಿದೆ ಅಂತ ಬರೆದು ಮುಚ್ಚಿಡಿ, ವಾಟ್ಸಾಪ್ ಗ್ರೂಪಿಗೆ ದಯವಿಟ್ಟು ಹಾಕ್ಬೇಡಿ, ಮನೇಲಿ ಇಡೋಕೆ ಆಗೋದೇ ಇಲ್ಲ ಅಂದ್ರೆ ಅದನ್ನ ಸಂಗ್ರಹಾಲಯಕ್ಕೆ ಕೊಡಿ.

ಡೀಲರ್ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗೇ ಹೇಳ್ತೀನಿ. ಟ್ಯಾಂಕ್ ಇರೋದು ಮಾತ್ರ ಕೊಡಿ ಅಂತ ಯಾಕೆ ಕೇಳ್ತಾರೆ ಅಂದ್ರೆ ಅದಕ್ಕೇ ಹೊರದೇಶದಲ್ಲಿ ಗಿರಾಕಿ ಇರೋದು. ಉಳಿದ 27, ಅಂದ್ರೆ ಟೆಂಟ್ ಮುಂದೆ ರೊಟ್ಟಿ ಬೇಯಿಸ್ತಿರೋದು, ಪಿರಮಿಡ್ ಮುಂದೆ ನಿಂತಿರೋದು, ಗ್ರೂಪ್ ಫೋಟೋ, ಅವರಿಗೆ ಬೇಡ. ಆದ್ರೆ ಗ್ರೂಪ್ ಫೋಟೋದ ಹಿಂದಿರೋ ಗಾಡಿ ಮೇಲೆ 4ನೇ ಡಿವಿಷನ್‌ನ ಹದ್ದಿನ ಗುರುತು ಕಂಡಿದ್ರಿಂದ್ಲೇ ತಾನೇ ಟ್ಯಾಂಕ್ ಫೋಟೋ ಎಲ್ಲಿಯದು ಅಂತ ನಾನು ಧೈರ್ಯವಾಗಿ ಹೇಳಿದ್ದು? ಎರಡನ್ನ ಬೇರೆ ಮಾಡಿದ್ರೆ ಎರಡೂ ಮೂಕ. ಕೆಲವು ವರ್ಷದ ಹಿಂದೆ ಒಂದು ಮನೆಯವರು ಹೀಗೇ ಮಾರಿ, ಆಮೇಲೆ ಮೊಮ್ಮಗ ಬಂದು ಅಜ್ಜ ಯಾವ ಯೂನಿಟ್ ಅಂತ ಹುಡುಕಿಕೊಡಿ ಅಂದ, ನನ್ನ ಹತ್ರ ಕೊಡೋಕೆ ಏನೂ ಉಳಿದಿರ್ಲಿಲ್ಲ.

ಹಣದ ಅವಶ್ಯಕತೆ ನಿಜವಾಗ್ಲೂ ಇದ್ರೆ ಅದೇನೂ ತಪ್ಪಲ್ಲ, ಆದ್ರೆ 38ನ್ನೂ ಒಟ್ಟಿಗೆ, ಡಬ್ಬಿ ಸಮೇತ, ಮೊದಲು ಎರಡೂ ಕಡೆ ಸ್ಕ್ಯಾನ್ ಮಾಡಿ ಆಮೇಲೆ ಕೊಡಿ. ಹೊರದೇಶಕ್ಕೆ ಕಳಿಸ್ತೀನಿ ಅಂತ ಡೀಲರ್ ಹೇಳಿದ್ರೆ ವಕೀಲರನ್ನ ಒಂದ್ಸಲ ಕೇಳಿ, 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಐತಿಹಾಸಿಕ ಮೌಲ್ಯದ ದಾಖಲೆಗಳಿಗೆ 75 ವರ್ಷ ಅಂತ ಗೆರೆ ಇದೆ, ನಿಮ್ಮವು ಅದನ್ನ ದಾಟಿವೆ. ದಾನ ಕೊಡೋದಾದ್ರೆ ಅಲಸೂರು ಕೆರೆ ಹತ್ರ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಸೆಂಟರ್ ಇದೆ, ಮದ್ರಾಸ್ ಸ್ಯಾಪರ್‌ಗಳ ಮನೆಯೇ ಅದು, ಅವರದ್ದೇ ಮ್ಯೂಸಿಯಂ ಇದೆ, ತಂಬಿಗಳ (ಮದ್ರಾಸ್ ಸ್ಯಾಪರ್‌ಗಳನ್ನ ಹಾಗೇ ಕರೆಯೋದು) ಮನೆ ಕಾಗದಪತ್ರ ಅಂದ್ರೆ ಅದಕ್ಕಿಂತ ಸರಿಯಾದ ಜಾಗ ಇಲ್ಲ. ಕೊಟ್ಟ ಮೇಲೆ ಬೇಕಾದಾಗ ನೋಡೋಕೆ ಅನುಮತಿ ಕೇಳ್ಬೇಕಾಗತ್ತೆ, ಅದು ಗೊತ್ತಿದ್ದೇ ಕೊಡಿ, ಪಟ್ಟಿ ಮಾಡಿ ರಸೀದಿ ತಗೊಳ್ಳಿ. ಮನೇಲೇ ಇಟ್ಕೊಳೋದಾದ್ರೆ ನಿಮ್ಮ ದೊಡ್ಡ ಶತ್ರು ಮಲೆನಾಡ ಕಡೆಯ ತೇವ ಮತ್ತು ಬೆಳ್ಳಿಹುಳ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಬೀರು ಬೇಡ, ಒಂದೊಂದಕ್ಕೂ ಆಸಿಡ್ ಇಲ್ಲದ ಪೇಪರ್ ಕವರ್ ಇಲ್ಲ ಪಾಲಿಯೆಸ್ಟರ್ ಕವರ್, ಪಿವಿಸಿ ಬೇಡ, ಅಂಟು ಪುಟದ ಆಲ್ಬಮ್ ಬೇಡ, ಸೆಲ್ಲೋಟೇಪ್, ಫೆವಿಕಾಲ್ ಹತ್ರಕ್ಕೂ ತರ್ಬೇಡಿ, ಒದ್ದೆ ಬಟ್ಟೇಲಿ ಒರೆಸ್ಬೇಡಿ. ಸ್ಕ್ಯಾನ್ 1200 ಡಿಪಿಐ, ಟಿಫ್ ಫೈಲು.

ಡಬ್ಬಿ ತಳದಲ್ಲಿ ಪೇಪರ್ ಸುತ್ತಿದ ನೆಗೆಟಿವ್ ಇದೆ, ಅಂಟಂಟಾಗಿ ವಾಸನೆ ಬರ್ತಿದೆ ಅಂತ ಕೊನೇಲಿ ಒಂದು ಸಾಲು ಬರೆದಿದೀರಿ. ಅದನ್ನ ಇವತ್ತೇ ಬೇರೆ ಮಾಡಿ. ಆ ಕಾಲದ ಎಷ್ಟೋ ಫಿಲ್ಮ್ ನೈಟ್ರೇಟ್, ಬೇಗ ಬೆಂಕಿ ಹಿಡಿಯೋ ಜಾತಿ. ಅಂಚಲ್ಲಿ "ಸೇಫ್ಟಿ" ಅಂತ ಇಂಗ್ಲಿಷ್‌ನಲ್ಲಿ ಇದ್ರೆ ಆ ಭಯ ಇಲ್ಲ, ಇಲ್ಲಾಂದ್ರೆ ಪೇಪರ್ ಕವರಲ್ಲಿ, ಗಾಳಿಯಾಡೋ ಹಾಗೆ, ತಣ್ಣಗಿರೋ ಜಾಗದಲ್ಲಿ, ಅಡುಗೆಮನೆ ದೇವರಮನೆ ದೀಪಗಳಿಂದ ದೂರ ಇಡಿ, ಬಿಡಿಸೋಕೆ ಹೋಗ್ಬೇಡಿ, ನುರಿತವರಿಗೆ ತೋರ್ಸಿ. ಮೂರನೇ ಫೋಟೋದ ನೆಗೆಟಿವ್ ಅದರಲ್ಲೇ ಇದ್ರೂ ಇರ್ಬೋದು, ಇದ್ರೆ ಟರೆಟ್ ನಂಬರ್ ಓದೋ ಆಸೆ ಇನ್ನೂ ಇದೆ.

ತಾತನ ಮೆಡಲ್ ಇದ್ರೆ ಹುಡುಕಿ, ಆಫ್ರಿಕಾ ಸ್ಟಾರ್‌ನ ರಿಬ್ಬನ್ ಮೇಲೆ ಎಂಟನೇ ಆರ್ಮಿ ಅಂತ ಚಿಕ್ಕ ಲೋಹದ ಪಟ್ಟಿ ಇದ್ರೆ ಅದನ್ನೂ ಫೋಟೋ ತೆಗೆದು ಕಳ್ಸಿ. ಲಂಡನ್ ಹತ್ರ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆಫ್ರಿಕಾದಲ್ಲಿದ್ದ ದಳಗಳ ಯುದ್ಧ ಡೈರಿಗಳು ಡಬ್ಲ್ಯೂಓ 169 ಅನ್ನೋ ಸರಣೀಲಿವೆ, 1943ರ ಮಾರ್ಚ್, ಏಪ್ರಿಲ್ ಪುಟಗಳನ್ನ ತರ್ಸಿ ನೋಡೋಣ. ಅಷ್ಟರಲ್ಲಿ ನೀವು ಒಂದು ಕೆಲಸ ಮಾಡಿ, ದೊಡ್ಡಮ್ಮನ ಪಕ್ಕ ಕೂತು 38 ಫೋಟೋನೂ ಒಂದೊಂದಾಗಿ ತೋರ್ಸಿ, ಅವರು ಹೇಳಿದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಫೋಟೋ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೀ ನಂಬರ್ ಹಾಕಿ, ತಾತನ ಅಕ್ಷರಕ್ಕೆ ತಾಗದ ಹಾಗೆ.